ಷಡ್ಡಕನ ಕೈಯಲ್ಲಿ ಸುಮ್ಮನಿರುವ ಕಾರು

ತಕ್ಕಡಿ ಸಾಹೇಬರಿಗೆ ಲೋಕದಲ್ಲಿ ಶತ್ರುಗಳು ಅಂತ ಯಾರೂ ಇರಲಿಲ್ಲ. ಇದ್ದವನು ಒಬ್ಬ ಷಡ್ಡಕ. ಶತ್ರುವಾದರೆ ಎಂದಾದರೂ ಒಂದು ದಿನ ರಾಜಿಯಾಗಬಹುದು. ಷಡ್ಡಕನ ಜೊತೆ ರಾಜಿಯಾಗುವುದು ಹೇಗೆ, ಜಗಳವೇ ಆಗಿಲ್ಲವಲ್ಲ? ಭಾನುವಾರ ಬಂತೆಂದರೆ ಮಾವನ ಮನೆಯಲ್ಲಿ ಎದುರೆದುರು ಕೂತು ಊಟ ಮಾಡಬೇಕು, "ಇನ್ನೊಂದು ಸ್ವಲ್ಪ ಹಾಕಿಸ್ಕೊಳ್ಳಿ" ಎಂದು ನಗಬೇಕು, ಒಳಗೊಳಗೇ ಕುದಿಯಬೇಕು.

ತಕ್ಕಡಿ ಸಾಹೇಬರು ಎಂಬುದು ಬೀದಿಯವರು ಇಟ್ಟ ಹೆಸರು. ಅವರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ನೆಟ್ಟಗಿದೆಯೇ, ತೂಕದ ಕಲ್ಲು ಸವೆದಿದೆಯೇ ಎಂದು ನೋಡಿ, ಸರಿಯಿದ್ದರೆ ತಂತಿ ಸುತ್ತಿ ಸೀಸದ ಸೀಲು ಒತ್ತುವುದು ಅವರ ಕೆಲಸ. ಇಪ್ಪತ್ತಾರು ವರ್ಷ ಇದೇ ಕೆಲಸ ಮಾಡಿದ ಮೇಲೆ ಮನುಷ್ಯನಿಗೆ ಎರಡು ವಸ್ತು ಕಂಡರೆ ತೂಗದೆ ಇರಲು ಆಗುವುದಿಲ್ಲ. ಸಾಹೇಬರು ಒಂದು ತಟ್ಟೆಯಲ್ಲಿ ತಮ್ಮನ್ನು ಕೂರಿಸಿಕೊಂಡು ಇನ್ನೊಂದರಲ್ಲಿ ಷಡ್ಡಕನನ್ನು ಕೂರಿಸುತ್ತಿದ್ದರು. ಯಾವಾಗ ತೂಗಿದರೂ ಆ ಕಡೆಯದೇ ಕೆಳಗೆ ಹೋಗುತ್ತಿತ್ತು.

ಹೋಗದೆ ಏನು? ಷಡ್ಡಕ ಹಲ್ಲಿನ ಡಾಕ್ಟರು. ಅತ್ತೆಗೆ ಎರಡೂ ಸಾಲು ಹಲ್ಲು ಕಟ್ಟಿಕೊಟ್ಟವನು ಅವನೇ. ಹಾಗಾಗಿ ಅತ್ತೆ ನಕ್ಕರೆ ಅದು ಅತ್ತೆಯ ನಗುವಲ್ಲ, ಷಡ್ಡಕನ ಜಾಹೀರಾತು. ಸಾಹೇಬರು ಒಂದು ಒಳ್ಳೆಯ ಮಾತಾಡಿ ಅತ್ತೆಯನ್ನು ನಗಿಸಿದರೂ ಲಾಭ ಅವನಿಗೇ ಹೋಗುತ್ತಿತ್ತು. ಇದಕ್ಕಿಂತ ದೊಡ್ಡ ಅನ್ಯಾಯ ಯಾವ ಅಂಗಡಿಯಲ್ಲೂ ನಡೆದದ್ದನ್ನು ಸಾಹೇಬರು ತಮ್ಮ ಸರ್ವೀಸಿನಲ್ಲಿ ಕಂಡಿರಲಿಲ್ಲ.

ಆ ಮನೆಯಿಂದ ಷಡ್ಡಕನಿಗಿಂತ ಮೊದಲು ಅವರಿಗೆ ಸಿಕ್ಕಿದ್ದು ಒಂದೇ ಒಂದು, ಮಾವನ ಕಾರು. ಮಾವ ಮೂವತ್ತೆರಡು ವರ್ಷ ಬಸ್ ಓಡಿಸಿ ರಿಟೈರಾದವರು. ಎಂಜಿನ್ ಪಕ್ಕ ಕೂತು ಕೂತು ಎರಡೂ ಕಿವಿ ಕೈಕೊಟ್ಟಿದ್ದವು. ಈಗ ಅವರ ಜೊತೆ ಮಾತಾಡಬೇಕೆಂದರೆ ಸ್ಲೇಟಿನ ಮೇಲೆ ಬರೆದು ತೋರಿಸಬೇಕು. ಕಿವಿ ಹೋದ ವರ್ಷವೇ ಅವರು ಇಪ್ಪತ್ತಮೂರು ವರ್ಷದ ತಮ್ಮ ಕಾರಿನ ಬೀಗದ ಕೈಯನ್ನು ಹಿರಿಯ ಅಳಿಯನಿಗೆ ಕೊಟ್ಟು, "ಯಾರ ಕೈಲಿ ಸುಖವಾಗಿರತ್ತೋ ಅಲ್ಲೇ ಇರ್ಲಿ" ಎಂದಿದ್ದರು. ಸಾಹೇಬರು ಅದನ್ನು ಆಶೀರ್ವಾದ ಅಂದುಕೊಂಡರು. ಅದು ಷರತ್ತು ಎಂದು ಗೊತ್ತಾಗಿದ್ದು ಆಮೇಲೆ.

ಮೂರು ತಿಂಗಳ ಹಿಂದೆ ಒಂದು ಭಾನುವಾರ ಷಡ್ಡಕ ಹೊಸ ಕಾರಿನಲ್ಲಿ ಬಂದಿಳಿದ. ಅದಕ್ಕೆ ಕ್ಲಚ್ಚೇ ಇರಲಿಲ್ಲ. ಗೇರು ತಾನಾಗಿಯೇ ಬದಲಾಗುತ್ತಿತ್ತು. ಮನೆಮಂದಿಯೆಲ್ಲ ಗೇಟಿನ ಹೊರಗೆ ಬಂದು ಮದುಮಗಳನ್ನು ನೋಡುವ ಹಾಗೆ ನೋಡಿದರು. ಅತ್ತೆ ಎರಡೂ ಸಾಲು ಬಿಟ್ಟು ನಕ್ಕರು.

"ಎಡಗಾಲಿಗೆ ಕೆಲಸಾನೇ ಇಲ್ಲ ಅಣ್ಣ, ಅದರ ಪಾಡಿಗೆ ಅದು ಬಿದ್ದಿರತ್ತೆ," ಎಂದ ಷಡ್ಡಕ.

ಸಾಹೇಬರ ನಾಲಿಗೆ ಸುಮ್ಮನಿರಲಿಲ್ಲ. "ಕ್ಲಚ್ ಇಲ್ದೇ ಇರೋದು ಗಾಡಿನೇ ಅಲ್ಲ ಡಾಕ್ಟ್ರೇ, ಅದು ಸೋಫಾ. ಎಡಗಾಲಲ್ಲೇ ಗೊತ್ತಾಗೋದು, ಯಾರು ಡ್ರೈವರು ಯಾರು ಪ್ಯಾಸೆಂಜರು ಅಂತ."

ಈ ಮಹಾವಾಕ್ಯ ಕೇಳಿದ ಮೇಲೆ ಎಲ್ಲರೂ ಸೋಫಾ ಹತ್ತಿ ಒಂದು ಸುತ್ತು ಹೋಗಿಬಂದರು. ಸಾಹೇಬರು ಗೇಟು ಕಾಯ್ದರು. ಅಂದಿನಿಂದ ಅವರಿಗೆ ತಮ್ಮ ಎಡಗಾಲಿನ ಮೇಲೆ ವಿಶೇಷವಾದ ಗೌರವ ಹುಟ್ಟಿತು.

ಇದಾಗಿ ಎರಡು ತಿಂಗಳು ಕಳೆದಿರಬೇಕು. ಒಂದು ಬೆಳಿಗ್ಗೆ ಆಫೀಸಿಗೆ ಹೊರಟಾಗ ಕಾರಿನೊಳಗಿಂದ ಒಂದು ಸದ್ದು ಬಂತು. ಚೀಂವ್ ಚೀಂವ್ ಚೀಂವ್, ಕೋಳಿಮರಿ ತಾಯಿಯನ್ನು ಕರೆದ ಹಾಗೆ. ಗೇರು ಬದಲಿಸಲು ಕ್ಲಚ್ ಒತ್ತಿದಾಗ ನಿಂತಿತು, ಗೇರು ಬಿದ್ದ ಮೇಲೆ ಮತ್ತೆ ಶುರುವಾಯಿತು. ಎದುರು ಮನೆಯ ಹೆಡ್‌ಮಿಸ್ಸು ಗೇಟಿನ ಹತ್ತಿರ ನಿಂತಿದ್ದರು. ರಿಟೈರಾಗಿ ಆರು ವರ್ಷವಾದರೂ ಅವರು ಬೀದಿಯನ್ನು ಇನ್ನೂ ಒಂದು ತರಗತಿ ಎಂದೇ ತಿಳಿದಿದ್ದರು.

"ಸಾಹೇಬ್ರೇ, ನಿಮ್ಮ ಕಾರೊಳಗೆ ಯಾವುದೋ ಮರಿ ಸೇರ್ಕೊಂಡಿದೆ," ಎಂದರು.

"ಮರಿ ಅಲ್ಲ ಮೇಡಂ, ರಿಲೀಸ್ ಬೇರಿಂಗ್," ಎಂದರು ಸಾಹೇಬರು. ಬಿಡಿಭಾಗದ ಅಂಗಡಿಯೊಂದರ ತಕ್ಕಡಿ ಪರೀಕ್ಷೆಗೆ ಹೋದಾಗ ಆ ಹೆಸರನ್ನು ಒಂದು ಡಬ್ಬದ ಮೇಲೆ ಓದಿದ್ದರು, ಅಷ್ಟೆ. ಅದು ಕಾರಿನ ಮೂತಿಯಲ್ಲಿದೆಯೋ ಬಾಲದಲ್ಲಿದೆಯೋ ಅವರಿಗೆ ಗೊತ್ತಿರಲಿಲ್ಲ. ಆದರೆ ಹೇಳಿದ ಗತ್ತು ಹೇಗಿತ್ತೆಂದರೆ, ಸಂಜೆಯೊಳಗೆ ಹೆಡ್‌ಮಿಸ್ಸು ಆ ಪಾಠವನ್ನು ಇಡೀ ಬೀದಿಗೆ ಮಾಡಿ ಮುಗಿಸಿದ್ದರು. ಇಸ್ತ್ರಿ ಅಂಗಡಿಯವನೂ ಕೇಳಿದ, "ಸಾರ್, ರಿಲೀಸ್ ಬೇರಿಂಗ್ ಹೇಗಿದೆ ಈಗ?"

ಮನೆಯಲ್ಲಿ ಹೆಂಡತಿ ಕೇಳಿದಳು, "ರೀ, ನಾನೊಂದು ಸುತ್ತು ಓಡಿಸಿ ನೋಡ್ಲಾ?"

ಸಾಹೇಬರು ಊಟದ ತಟ್ಟೆಯಿಂದ ತಲೆ ಎತ್ತಿ ಪ್ರೀತಿಯಿಂದ ನಕ್ಕರು. "ಡ್ರೈವರ್ ಮಗಳು ಅಂದ ಮಾತ್ರಕ್ಕೆ ಡ್ರೈವರ್ ಆಗಲ್ಲ ಕಣೇ. ನಮ್ಮಪ್ಪ ಗಡಿಯಾರ ರಿಪೇರಿ ಮಾಡ್ತಿದ್ರು, ನನಗೆ ಟೈಮ್ ಬಿಟ್ರೆ ಬೇರೇನು ಗೊತ್ತು?" ಹೆಂಡತಿ ನೀರಿನ ಲೋಟ ಇಟ್ಟು ಒಳಗೆ ಹೋದಳು.

ಮುಂದಿನ ಭಾನುವಾರ ಮಾವನ ಮನೆಯ ಬಾಗಿಲಿಗೆ ಕಾರು ಚೀಂವ್ ಚೀಂವ್ ಎನ್ನುತ್ತಲೇ ಬಂದು ನಿಂತಿತು. ಷಡ್ಡಕ ಒಳಗಿನಿಂದಲೇ ಕೇಳಿಸಿಕೊಂಡು ಬಂದ. "ಕೊಡಿ ಅಣ್ಣ, ಒಂದು ರೌಂಡ್ ಹೋಗಿ ಬರ್ತೀನಿ," ಎಂದು ಕೈ ಚಾಚಿದ. ಅತ್ತೆ, ನಾದಿನಿ, ಸಾಹೇಬರ ಹೆಂಡತಿ ಮೂವರೂ ಹಿಂದಿನ ಸೀಟಿನಲ್ಲಿ ಕೂತರು. ಸಾಹೇಬರು ಮತ್ತೆ ಗೇಟು ಕಾಯ್ದರು.

ಕಾರು ಬೀದಿಯ ತುದಿಯವರೆಗೆ ಹೋಯಿತು, ತಿರುಗಿತು, ಬಂತು. ಒಂದು ಚೀಂವ್ ಇಲ್ಲ. ಬೆಣ್ಣೆಯ ಮೇಲೆ ಚಾಕು ಎಳೆದ ಹಾಗೆ ಬಂದು ನಿಂತಿತು. ಸಾಹೇಬರಿಗೆ ಆ ಕ್ಷಣದಲ್ಲಿ ಆದದ್ದನ್ನು ಮುಚ್ಚಿಡುವುದು ಬೇಡ. ನಾಲ್ಕು ವರ್ಷದಿಂದ ತೊಳೆದು, ಒರೆಸಿ, ನೆರಳಲ್ಲಿ ನಿಲ್ಲಿಸಿ ಸಾಕಿದ ಕಾರು ಪರರ ಕೈಯಲ್ಲಿ ಹೀಗೆ ಬಾಯಿ ಮುಚ್ಚಿಕೊಂಡು ಹೋದದ್ದನ್ನು ನೋಡಿ ಅವರಿಗೆ ಅಳುವೇ ಬಂತು.

"ಶಬ್ದಾನೇ ಇಲ್ವಲ್ಲ ಅಣ್ಣ," ಎಂದ ಷಡ್ಡಕ.

"ಹೂವಿನ ಹಾಗೆ ಹೋಯ್ತು," ಎಂದರು ಅತ್ತೆ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಯಾರನ್ನೂ ಹೇಳ್ತಿಲ್ಲಪ್ಪ, ಗಾದೆ ಹೇಳ್ದೆ."

ಸಾಹೇಬರು ತಾವೇ ಹತ್ತಿ ಓಡಿಸಿದರು. ಹತ್ತು ಮಾರು ಹೋಗಿಲ್ಲ, ಚೀಂವ್ ಚೀಂವ್.

ಅಂದು ಊಟದ ಮಧ್ಯೆ ಅತ್ತೆ ವಿಷಯಕ್ಕೆ ಬಂದರು. "ನೋಡಿ ದೊಡ್ಡಳಿಯಂದ್ರೇ, ಬೇಜಾರು ಮಾಡ್ಕೋಬೇಡಿ. ಯಾರ ಕೈಲಿ ಸುಖವಾಗಿರತ್ತೋ ಅಲ್ಲಿರ್ಲಿ ಅಂತ ಇವರು ಆಗ್ಲೇ ಹೇಳಿದ್ರು. ನಮ್ಮ ಚಿಕ್ಕವಳಿಗೂ ಡ್ರೈವಿಂಗ್ ಕಲೀಬೇಕು ಅಂತ ಆಸೆ. ಅವರ ಹೊಸ ಗಾಡೀಲಿ ಕ್ಲಚ್ಚೇ ಇಲ್ಲ. ಕ್ಲಚ್ ಇಲ್ದೇ ಇರೋದು ಗಾಡಿನೇ ಅಲ್ಲ ಅಂತ ನೀವೇ ಹೇಳಿದ್ರಲ್ಲ?"

ತಾನು ಆಡಿದ ಮಾತು ತನ್ನ ಕುತ್ತಿಗೆಗೇ ಸುತ್ತಿಕೊಂಡಿತು. ಸಾಹೇಬರು ತಟ್ಟೆ ನೋಡುತ್ತಾ, "ಎರಡು ವಾರ ಟೈಮ್ ಕೊಡಿ ಅತ್ತೆ, ಶಬ್ದ ಎಲ್ಲಿಂದ ಬರ್ತಿದೆ ಅಂತ ಪತ್ತೆ ಮಾಡ್ತೀನಿ," ಎಂದರು. ಎರಡು ವಾರದ ಮೇಲಿನ ಭಾನುವಾರ ಎಲ್ಲರೂ ಸಾಹೇಬರ ಮನೆಗೆ ಬಂದು, ಇಬ್ಬರೂ ಅಳಿಯಂದಿರು ಓಡಿಸುವುದನ್ನು ನೋಡಿ, ಕಾರು ಯಾರದೆಂದು ತೀರ್ಮಾನ ಮಾಡುವುದೆಂದಾಯಿತು. ಷಡ್ಡಕ, "ಇದೆಲ್ಲ ಯಾಕಮ್ಮ," ಎಂದ. ಆದರೆ ಬೇಡ ಎನ್ನಲಿಲ್ಲ. ಬೇಡ ಎನ್ನದಿದ್ದದ್ದನ್ನು ಸಾಹೇಬರು ಗುರುತು ಹಾಕಿಕೊಂಡರು.

ಸೋಮವಾರ ಸಂಜೆಯೇ ಗ್ಯಾರೇಜಿಗೆ ಹೋದರು. ಮೆಕ್ಯಾನಿಕ್ಕು ಮೊದಲು ಎಂಜಿನ್ ಆಫ್ ಮಾಡಿಸಿ ಪೆಡಲನ್ನು ಕೈಯಿಂದ ಒತ್ತಿದ. "ಪೆಡಲ್ ಒಣಗಿದ್ರೆ ಹೀಗೆ ಒತ್ತಿದ್ರೂ ಕಿರುಗುಟ್ಟತ್ತೆ ಸಾರ್. ಇಲ್ಲ." ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿಸಿ, ನ್ಯೂಟ್ರಲ್ಲಿನಲ್ಲಿಟ್ಟು, ಬಾನೆಟ್ಟಿನೊಳಗೆ ತಲೆ ಹಾಕಿದ. "ಕ್ಲಚ್ ಪೂರ್ತಿ ಒತ್ತಿ. ಒತ್ತಿದಾಗ ಗೊರಗೊರ ಅಂದ್ರೆ ರಿಲೀಸ್ ಬೇರಿಂಗ್. ಇಲ್ಲ. ಈಗ ಪೂರ್ತಿ ಬಿಡಿ. ಬಿಟ್ಟಾಗ ಶಬ್ದ ಬಂದು, ಒತ್ತಿದಾಗ ನಿಂತ್ರೆ ಗೇರ್‌ಬಾಕ್ಸ್ ಒಳಗಿನ ಬೇರಿಂಗ್. ಅದೂ ಇಲ್ಲ." ಕೊನೆಗೆ ತಾನೇ ಓಡಿಸಿಕೊಂಡು ಒಂದು ಸುತ್ತು ಹೋಗಿ ಬಂದ. ಕಾರು ಗರ್ಭಗುಡಿಯ ಹಾಗೆ ಮೌನವಾಗಿತ್ತು.

"ಹಳೇ ಗಾಡಿ, ಬೇರಿಂಗ್ ಸ್ವಲ್ಪ ಸವೆದಿರಬಹುದು, ಆದ್ರೆ ಹೀಗೆ ಮಾತಾಡೋ ಹಾಗಂತೂ ಇಲ್ಲ," ಎಂದು ಮೆಕ್ಯಾನಿಕ್ಕು ಕೈ ಒರೆಸಿಕೊಂಡ. "ಒಂದು ಕೆಲಸ ಮಾಡಿ. ನೀವು ಓಡಿಸಿ, ನಾನು ಪಕ್ಕದಲ್ಲಿ ಕೂತು ನೋಡ್ತೀನಿ."

ಇಷ್ಟು ಮಾತಿಗೆ ಸಾಹೇಬರು ಹೂಂ ಅಂದಿದ್ದರೆ ಕಥೆ ಐದು ನಿಮಿಷದಲ್ಲಿ ಮುಗಿಯುತ್ತಿತ್ತು. ಆದರೆ ಮೆಕ್ಯಾನಿಕ್ಕು ಆ ಮಾತನ್ನು ನಗುತ್ತಾ ಹೇಳಿದ, ನಕ್ಕಾಗ ಒಂದು ದವಡೆ ಹಲ್ಲು ಬೆಳ್ಳಿಯಂತೆ ಫಳಕ್ ಎಂದಿತು.

"ಈ ಹಲ್ಲು ಯಾರು ಕಟ್ಟಿದ್ದು?" ಎಂದು ಕೇಳಿದರು ಸಾಹೇಬರು.

"ನಿಮ್ಮ ಷಡ್ಡಕರೇ ಸಾರ್. ದೇವರಂಥ ಮನುಷ್ಯ. ನೋವೇ ಗೊತ್ತಾಗ್ಲಿಲ್ಲ."

ಸಾಹೇಬರಿಗೆ ಎಲ್ಲ ಅರ್ಥವಾಗಿಹೋಯಿತು. "ನನಗೆ ಓಡಿಸೋಕೆ ಬರತ್ತೋ ಇಲ್ವೋ ನೋಡೋಕೆ ನೀನ್ಯಾರಪ್ಪ?" ಎಂದು ಕೀ ಕಿತ್ತುಕೊಂಡು ಹೊರಟೇಬಿಟ್ಟರು. ಮೆಕ್ಯಾನಿಕ್ಕು ಬಾಯಿ ತೆರೆದು ನಿಂತ. ದೂರ ಹೋದ ಮೇಲೂ ಸಾಹೇಬರಿಗೆ ಕನ್ನಡಿಯಲ್ಲಿ ಆ ಹಲ್ಲು ಕಾಣಿಸಿತಂತೆ.

ಅವರ ತರ್ಕ ಹೀಗೆ ಓಡಿತು. ಅತ್ತೆಯ ಬಾಯಿ ಅವನದು. ಮೆಕ್ಯಾನಿಕ್ಕಿನ ಬಾಯಿಯೂ ಅವನದು. ಅಂದ ಮೇಲೆ ಕಾರಿನ ಬಾಯಿ? ಎಷ್ಟೋ ಅಂಗಡಿಯವರು ತಟ್ಟೆಯ ಅಡಿಗೆ ಅಯಸ್ಕಾಂತ ಅಂಟಿಸಿ, ಇನ್‌ಸ್ಪೆಕ್ಟರ್ ಬಂದ ಕೂಡಲೇ ಕಿತ್ತು ಜೇಬಿಗೆ ಹಾಕಿಕೊಳ್ಳುವುದನ್ನು ಸಾಹೇಬರು ಕಣ್ಣಾರೆ ಕಂಡಿದ್ದರು. ಬಾನೆಟ್ಟಿನ ಅಡಿಯಲ್ಲೂ ಅಂಥದ್ದೇ ಏನೋ ನಡೆಯುತ್ತಿದೆ. ಇಂಥ ಮೋಸಕ್ಕೆ ಇಲಾಖೆಯಲ್ಲಿ ಒಂದೇ ಮದ್ದು. ಮರುದಿನ ಬೆಳಿಗ್ಗೆ ಅವರು ಇಕ್ಕಳ, ತಂತಿ, ಸೀಸ ತೆಗೆದುಕೊಂಡು ಬಂದು, ಬಾನೆಟ್ಟಿನ ತುದಿಗೂ ಮುಂದಿನ ಜಾಲರಿಗೂ ಸೇರಿಸಿ ಬಿಗಿಯಾಗಿ ತಂತಿ ಸುತ್ತಿ, ಇಲಾಖೆಯ ಸೀಲು ಒತ್ತಿಬಿಟ್ಟರು.

ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. "ನೀರು ಹಾಕ್ಬೇಕಾದ್ರೆ ಏನು ಮಾಡ್ತೀರಿ?"

"ಸೀಲು ಒಡೆಯೋದು ಶಿಕ್ಷಾರ್ಹ ಅಪರಾಧ," ಎಂದರು ಸಾಹೇಬರು.

"ನಾನು ನೀರು ಅಂದೆ."

"ನಾನು ಕಾನೂನು ಅಂದೆ," ಎಂದು ಸಾಹೇಬರು ಹೊರಟರು. ಚೀಂವ್ ಚೀಂವ್ ಎಂದು ಕಾರೂ ಹೊರಟಿತು.

ಆಫೀಸಿಗೆ ಆ ವಾರವಷ್ಟೇ ಹೊಸ ಮೇಲಧಿಕಾರಿ ಬಂದಿದ್ದರು. ಅವರು ಕಿಟಕಿಯಿಂದ ನೋಡುತ್ತಾರೆ, ಇಲಾಖೆಯ ಸೀಲು ಬಿದ್ದ ಒಂದು ಹಳೇ ಕಾರು ಸಿಬ್ಬಂದಿಯ ಜಾಗದಲ್ಲಿ ನಿಂತಿದೆ. ಜಪ್ತಿ ಮಾಲನ್ನು ಹೀಗೆ ದಾರಿಯಲ್ಲಿ ಬಿಟ್ಟವರು ಯಾರು ಎಂದು ಜವಾನನನ್ನು ಕರೆದು ಗದರಿದರು. ಜವಾನ ನಾಲ್ಕು ಜನರನ್ನು ಸೇರಿಸಿ ಕಾರನ್ನು ತಳ್ಳಿಕೊಂಡು ಹೋಗಿ ಹಿತ್ತಿಲಲ್ಲಿ, ಸೊಟ್ಟ ತಕ್ಕಡಿಗಳು, ಒಳಗೆ ಟೊಳ್ಳು ಕೊರೆದ ತೂಕದ ಕಲ್ಲುಗಳು, ತುದಿ ಕತ್ತರಿಸಿದ ಅಳತೆಪಟ್ಟಿಗಳ ನಡುವೆ ನಿಲ್ಲಿಸಿದ. ಸಾಹೇಬರು ಮಧ್ಯಾಹ್ನ ಅಂಗಡಿ ಸುತ್ತಿ ಬರುವ ಹೊತ್ತಿಗೆ ಕಾರಿನ ಕನ್ನಡಿಗೆ ಒಂದು ಚೀಟಿ ಅಂಟಿತ್ತು: 'ಮೋಸದ ಸಾಧನ.'

ಬಿಡಿಸಿಕೊಳ್ಳಲು ಮೇಲಧಿಕಾರಿಯ ಮುಂದೆ ನಿಲ್ಲಬೇಕಾಯಿತು.

"ಇದು ನಿಮ್ಮ ಸ್ವಂತ ಗಾಡಿನಾ?" ಎಂದರು ಅವರು.

"ಹೌದು ಸಾರ್."

"ನಿಮ್ಮ ಗಾಡಿಗೆ ನೀವೇ ಸೀಲ್ ಹಾಕಿದ್ರಾ?"

"ಹೌದು ಸಾರ್."

"ನನ್ನ ಇಪ್ಪತ್ತೆಂಟು ವರ್ಷದ ಸರ್ವೀಸಿನಲ್ಲಿ ಇದು ಹೊಸದು. ಕಾರಣ ಬರೆದು ಕೊಡಿ."

ಸಾಹೇಬರು ಕೂತು ಬರೆದರು. ಮೂರು ಸಲ ಹರಿದು ನಾಲ್ಕನೇ ಸಲ ಬರೆದದ್ದು ಇಷ್ಟು: "ಸದರಿ ವಾಹನವು ನನ್ನ ಚಾಲನೆಯಲ್ಲಿ ಶಬ್ದ ಮಾಡುವುದಾಗಿಯೂ, ನನ್ನ ಷಡ್ಡಕರ ಚಾಲನೆಯಲ್ಲಿ ಸದರಿ ಶಬ್ದವು ಇಲ್ಲದಿರುವುದಾಗಿಯೂ, ಇದರಲ್ಲಿ ಅತ್ತೆಯವರು ಷಡ್ಡಕರ ಪರವಾಗಿರುವುದಾಗಿಯೂ ಕಂಡುಬಂದ ಮೇರೆಗೆ ಮುನ್ನೆಚ್ಚರಿಕೆ ಕ್ರಮವಾಗಿ ಮೊಹರು ಮಾಡಲಾಗಿದೆ."

ಮೇಲಧಿಕಾರಿ ಓದಿದರು. ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದರು. ಸಾಹೇಬರು ಅಮಾನತ್ತಿನ ಆದೇಶಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡರು. ಮೇಲಧಿಕಾರಿ ಬಾಗಿಲು ಮುಚ್ಚಿಸಿ, ಸ್ವರ ತಗ್ಗಿಸಿ ಕೇಳಿದರು, "ನಿಮ್ಮ ಷಡ್ಡಕ ಏನು ಕೆಲಸ ಮಾಡ್ತಾರೆ?"

"ಹಲ್ಲಿನ ಡಾಕ್ಟರು ಸಾರ್."

"ನನ್ನವನು ಕಣ್ಣಿನ ಡಾಕ್ಟರು," ಎಂದು ಮೇಲಧಿಕಾರಿ ನಿಟ್ಟುಸಿರು ಬಿಟ್ಟರು. "ನಮ್ಮತ್ತೆಗೆ ಈಗ ಅವನ ಕಣ್ಣಲ್ಲೇ ನಾನು ಕಾಣೋದು. ಗಾಡಿ ತಗೊಂಡು ಹೋಗಿ. ವಿಷಯ ಇತ್ಯರ್ಥ ಆಗೋ ತನಕ ಸೀಲು ಇರ್ಲಿ." ಬರೆದುಕೊಟ್ಟ ಕಾಗದವನ್ನು ಅವರು ಮಡಿಸಿ ತಮ್ಮ ಸ್ವಂತ ಜೇಬಿಗೆ ಹಾಕಿಕೊಂಡರು.

ಎರಡು ವಾರ ಕಳೆದು ಆ ಭಾನುವಾರ ಬಂತು. ಹತ್ತು ಗಂಟೆಗೆ ಸೋಫಾ ಬಂದು ಸಾಹೇಬರ ಮನೆಯ ಮುಂದೆ ನಿಂತಿತು. ಅತ್ತೆ, ಮಾವ, ನಾದಿನಿ, ಷಡ್ಡಕ ಇಳಿದರು. ಎದುರು ಮನೆಯ ಹೆಡ್‌ಮಿಸ್ಸು ಯಾರೂ ಕರೆಯದಿದ್ದರೂ ಕುರ್ಚಿ ತಂದು ಗೇಟಿನ ಹೊರಗೆ ಹಾಕಿಕೊಂಡು ಕೂತರು, ಪರೀಕ್ಷೆ ಎಂದ ಮೇಲೆ ಮೇಲ್ವಿಚಾರಕರು ಬೇಡವೇ? ಇಸ್ತ್ರಿ ಅಂಗಡಿಯವನು ಪೆಟ್ಟಿಗೆ ಆರಿಸಿ ಬಂದ.

ಷಡ್ಡಕ ಬಾನೆಟ್ಟಿನ ಮೇಲಿನ ಸೀಲು ನೋಡಿ, "ಇದೇನಣ್ಣ, ಹಲ್ಲಿಗೆ ತಂತಿ ಹಾಕಿದ ಹಾಗಿದೆ," ಎಂದ. ಸಾಹೇಬರು ಸೀಲು ಅಖಂಡವಾಗಿರುವುದನ್ನು ಎಲ್ಲರಿಗೂ ತೋರಿಸಿದರು. ಈಗ ಅವನ ಕೈವಾಡವೇನೂ ನಡೆಯದು. ಈಗ ಅವನು ಓಡಿಸಿದರೂ ಶಬ್ದ ಬರಲೇಬೇಕು. ಅವರಿಗೆ ಎದೆ ಹಗುರವಾಯಿತು.

ಷಡ್ಡಕ ಹತ್ತಿದ. ಬೀದಿಯ ತುದಿಗೆ ಹೋದ, ತಿರುಗಿದ, ಬಂದ. ಶಬ್ದವಿಲ್ಲ. ಹೆಡ್‌ಮಿಸ್ಸು ತಲೆಯಾಡಿಸಿದರು.

ಸಾಹೇಬರು ಹತ್ತಿದರು. ಚೀಂವ್ ಚೀಂವ್ ಚೀಂವ್. ಬೀದಿಯ ಬಾಗಿಲುಗಳೆಲ್ಲ ತೆರೆದುಕೊಂಡವು. ಸೀಲು ಹಾಕಿದ ಮೇಲೂ ಷಡ್ಡಕನ ಕೈಯಲ್ಲಿ ಕಾರು ಸುಮ್ಮನಿದ್ದು ತಮ್ಮ ಕೈಯಲ್ಲಿ ಕಿರುಚಿದರೆ ಅದಕ್ಕೆ ಒಂದೇ ಅರ್ಥ, ಕಾರಿಗೇ ಅವನು ಇಷ್ಟ. ಸಾಹೇಬರು ಮನೆಯ ಮುಂದೆ ತಂದು ನಿಲ್ಲಿಸಿ ಸ್ಟಿಯರಿಂಗ್ ಹಿಡಿದುಕೊಂಡೇ ಕೂತರು.

"ಮುಗೀತಲ್ಲ," ಎಂದು ಅತ್ತೆ ನಕ್ಕರು.

ಆಗ ಮಾವ, "ಏನಂತೆ?" ಎಂದರು. ಅವರಿಗೆ ಚೀಂವೂ ಕೇಳಿಸಿರಲಿಲ್ಲ, ಚೀಂವ್ ಇಲ್ಲದ್ದೂ ಕೇಳಿಸಿರಲಿಲ್ಲ. ನಾದಿನಿ ಸ್ಲೇಟಿನ ಮೇಲೆ ಬರೆದು ತೋರಿಸಿದಳು: 'ಭಾವ ಓಡಿಸಿದ್ರೆ ಶಬ್ದ. ಇವರು ಓಡಿಸಿದ್ರೆ ಇಲ್ಲ.'

ಮಾವ ಸ್ಲೇಟನ್ನು ದೂರ ಹಿಡಿದು ಓದಿದರು. ಆಮೇಲೆ ಊರುಗೋಲು ಊರಿಕೊಂಡು ಬಂದು ಸಾಹೇಬರ ಪಕ್ಕದ ಸೀಟಿನಲ್ಲಿ ಕೂತರು. "ನಡೀರಿ ಅಳಿಯಂದ್ರೇ," ಎಂದರು.

ಕಿವಿ ಕೇಳದವರು ಶಬ್ದ ಪತ್ತೆ ಮಾಡುವುದನ್ನು ನೋಡಲು ಬೀದಿಗೆ ಬೀದಿಯೇ ಹೊರಗೆ ಬಂದು ನಿಂತಿತು. ಸಾಹೇಬರು ಹೊರಟರು. ಮಾವ ರಸ್ತೆ ನೋಡಲಿಲ್ಲ, ಬಾನೆಟ್ಟು ನೋಡಲಿಲ್ಲ. ಅವರು ಬಗ್ಗಿ ಕೆಳಗೆ ನೋಡುತ್ತಿದ್ದರು. ಬೀದಿಯ ಅರ್ಧಕ್ಕೆ ಬಂದಾಗ ಊರುಗೋಲಿನ ತುದಿಯನ್ನು ಸಾಹೇಬರ ಎಡಗಾಲಿನ ಬೂಟಿನ ಅಡಿಗೆ ತೂರಿಸಿ, ಹಲಸಿನ ಹಣ್ಣು ಮೀಟುವ ಹಾಗೆ ಮೇಲಕ್ಕೆ ಮೀಟಿದರು. ಕಾಲು ಪೆಡಲಿನಿಂದ ಎದ್ದು ನೆಲಕ್ಕೆ ಬಿತ್ತು.

ಚೀಂವ್ ನಿಂತುಹೋಯಿತು.

ಸಾಹೇಬರು ಗಾಬರಿಯಿಂದ ಕಾಲನ್ನು ಮತ್ತೆ ಅಲ್ಲೇ ಇಟ್ಟರು. ಚೀಂವ್. ಮಾವ ಮತ್ತೆ ಮೀಟಿದರು. ಮೌನ. ಹೀಗೆ ಮೀಟುತ್ತಾ, ಇಡುತ್ತಾ, ಚೀಂವ್ ಎನ್ನುತ್ತಾ, ಸುಮ್ಮನಾಗುತ್ತಾ ಕಾರು ಬೀದಿ ತುದಿಗೆ ಹೋಗಿ ಬಂತು.

ಕಿವಿ ಕೇಳದವರ ಮಾತು ಯಾವಾಗಲೂ ಜೋರು. ಮಾವ ಇಳಿಯುತ್ತಾ ಕೇಳಿದ್ದು ಇಡೀ ಬೀದಿಗೆ ಕೇಳಿಸಿತು. "ಅಳಿಯಂದ್ರೇ, ಕ್ಲಚ್ ಮೇಲೆ ಸದಾ ಕಾಲಿಟ್ಕೊಂಡು ಓಡಿಸೋದು ಯಾವಾಗಿಂದ ಶುರು ಮಾಡಿದ್ರಿ? ಪೆಡಲಿಗೆ ಒಂದು ಬೆರಳಷ್ಟು ಸಡಿಲ ಇರತ್ತೆ. ಕಾಲು ಅಲ್ಲೇ ಇಟ್ಕೊಂಡ್ರೆ ಆ ಸಡಿಲ ಹೋಗಿ ಬೇರಿಂಗ್ ಸುಮ್ಮನೆ ಸವರಿಕೊಂಡು ಸುತ್ತತ್ತೆ, ಅಳತ್ತೆ. ಒತ್ತೋದಾದ್ರೆ ಪೂರ್ತಿ ಒತ್ತಿ, ಬಿಡೋದಾದ್ರೆ ಪೂರ್ತಿ ಬಿಡಿ. ಡಿಪೋದಲ್ಲಿ ಹೀಗೆ ಓಡಿಸಿದವರನ್ನ ನಾವು ಊಟಕ್ಕೆ ಜೊತೆಗೆ ಕೂರಿಸ್ತಿರಲಿಲ್ಲ."

ಯಾವಾಗಿನಿಂದ ಎಂದು ಸಾಹೇಬರಿಗೆ ತಾರೀಖು ಸಮೇತ ಗೊತ್ತಿತ್ತು. ಸೋಫಾ ಬಂದ ದಿನದಿಂದ. ಎಡಗಾಲಲ್ಲೇ ಗೊತ್ತಾಗುವುದು ಡ್ರೈವರು ಯಾರೆಂದು ಹೇಳಿದ ಮೇಲೆ ಆ ಕಾಲನ್ನು ನೆಲಕ್ಕೆ ಇಡಲು ಅವರಿಗೆ ಮನಸ್ಸೇ ಬಂದಿರಲಿಲ್ಲ. ಷಡ್ಡಕನೋ, ಹೊಸ ಕಾರಿನ ರೂಢಿಯಿಂದ, ಎಡಗಾಲನ್ನು ಅದರ ಪಾಡಿಗೆ ಬಿಟ್ಟಿರುತ್ತಿದ್ದ. ಎರಡು ತಿಂಗಳು ಬೇರಿಂಗ್ ಸವೆಸಿ ಕೊನೆಗೆ ಕಾರಿನೊಳಗೆ ಚೀಂವ್ ಎಂದದ್ದು ಅವರ ಸ್ವಂತ ಹೊಟ್ಟೆಕಿಚ್ಚು. ಇದನ್ನು ಸ್ಲೇಟಿನ ಮೇಲೆ ಬರೆಯುವ ಹಾಗಿರಲಿಲ್ಲ.

"ಅಂದ್ರೆ ರಿಲೀಸ್ ಬೇರಿಂಗೇ," ಎಂದರು ಹೆಡ್‌ಮಿಸ್ಸು ಗಂಭೀರವಾಗಿ.

"ನಾನು ಮೊದಲೇ ಹೇಳಿರಲಿಲ್ವಾ ಮೇಡಂ?" ಎಂದರು ಸಾಹೇಬರು. ಅಂದು ಅವರಿಗೆ ಸಿಕ್ಕ ಜಯ ಇದೊಂದೇ.

ಅತ್ತೆ ತಡಮಾಡಲಿಲ್ಲ. "ಹಾಗಾದ್ರೆ ಚಿಕ್ಕಳಿಯಂದ್ರ ಕೈಲೇ ಸುಖ. ಅವರಿಗೇ ಕೊಡಿ." ಎಂದವರೇ ಹಿಂದಿನ ಸೀಟಿನಲ್ಲಿ ಕೂತರು. ಮಾವ, "ಅವರದ್ದೂ ನೋಡ್ತೀನಿ," ಎಂದು ಇಳಿದ ಸೀಟಿಗೇ ಮತ್ತೆ ಹತ್ತಿದರು.

ಷಡ್ಡಕ ಹೊರಟ. ಪಕ್ಕದಲ್ಲಿ ಮಾವ ಕಾಲನ್ನೇ ನೋಡುತ್ತಾ ಕೂತರೆ ಎಂಥ ಕಾಲಾದರೂ ಪಾಠ ಮರೆಯುತ್ತದೆ. ಹೋಗುವಾಗ ಎಲ್ಲ ಚೆನ್ನಾಗಿತ್ತು. ಮರಳಿ ಬಂದು ಗೇಟಿನ ಮುಂದೆ ನಿಲ್ಲಿಸುವಾಗ ಮಾತ್ರ ತನ್ನ ಹೊಸ ಕಾರಿನಲ್ಲಿ ನಿಲ್ಲಿಸುವ ಹಾಗೆಯೇ ನಿಲ್ಲಿಸಿದ, ಬರೀ ಬ್ರೇಕ್ ಒತ್ತಿದ, ಕ್ಲಚ್ ಮರೆತ. ಕಾರು ಗಕ್ಕನೆ ಎಗರಿ, ಒದರಿ, ಆಫಾಯಿತು. ಹಿಂದಿನ ಸೀಟಿನಲ್ಲಿ ನಗುತ್ತಾ ಕೂತಿದ್ದ ಅತ್ತೆಯ ಬಾಯಿಂದ ಮೇಲಿನ ಸಾಲು ಹಲ್ಲು ಹೊರಬಂದು ಗೇರಿನ ಪಕ್ಕದಲ್ಲಿ ಕೂತಿತು. ನಗು ಅಲ್ಲಿಯೂ ಮುಂದುವರಿದಿತ್ತು.

ಯಾರೂ ನಗಲಿಲ್ಲ. ಸಾಹೇಬರೂ ನಗಲಿಲ್ಲ, ಮನೆಯ ಗೋಡೆಯ ಕಡೆ ತಿರುಗಿ ನಿಂತು ಸ್ವಲ್ಪ ಹೊತ್ತು ಭುಜ ಕುಣಿಸಿದರು. ತಕ್ಕಡಿ ಸಮಕ್ಕೆ ಬಂದಿತ್ತು. ಷಡ್ಡಕ ಆ ಮನೆಯ ಅಳಿಯನಾದ ಹನ್ನೊಂದು ವರ್ಷದಲ್ಲಿ ಮೊದಲ ಸಲ.

ಮಾವ ಕೆಳಗಿಳಿದು ಒಬ್ಬ ಅಳಿಯನನ್ನು ನೋಡಿದರು, ಇನ್ನೊಬ್ಬ ಅಳಿಯನನ್ನು ನೋಡಿದರು. ಒಬ್ಬನಿಗೆ ಕ್ಲಚ್ ಬಿಡಲು ಬಾರದು, ಇನ್ನೊಬ್ಬನಿಗೆ ಹಿಡಿಯಲು ಬಾರದು. ಆಮೇಲೆ ಬಾಗಿಲ ಬಳಿ ಟೀ ತಟ್ಟೆ ಹಿಡಿದು ನಿಂತಿದ್ದ ದೊಡ್ಡ ಮಗಳನ್ನು ಕರೆದರು. "ಮಗಳೇ, ಅದನ್ನ ಇಟ್ಟು ಇಲ್ಲಿ ಬಾ."

ಸಾಹೇಬರ ಹೆಂಡತಿ ತಟ್ಟೆಯನ್ನು ಹೆಡ್‌ಮಿಸ್ಸಿನ ಕೈಗೆ ಕೊಟ್ಟು ಬಂದಳು. ಸೀಟನ್ನು ಒಂದು ಗೇಣು ಮುಂದಕ್ಕೆ ಎಳೆದುಕೊಂಡಳು, ಕನ್ನಡಿ ಸರಿಮಾಡಿಕೊಂಡಳು, ಕ್ಲಚ್ಚನ್ನು ನೆಲ ಮುಟ್ಟುವವರೆಗೆ ಒತ್ತಿ ಗೇರು ಹಾಕಿದಳು, ಬಿಟ್ಟಳು, ಕಾಲು ತೆಗೆದು ಪಕ್ಕಕ್ಕಿಟ್ಟಳು. ಕಾರು ಹೊರಟದ್ದು ಯಾರಿಗೂ ತಿಳಿಯಲಿಲ್ಲ. ಬೀದಿಯ ತುದಿಯ ಇಕ್ಕಟ್ಟಿನಲ್ಲಿ ಒಂದೇ ಸಲಕ್ಕೆ ತಿರುಗಿಸಿ ತಂದು, ಗೇಟಿನ ಮುಂದೆ, ಹೆಡ್‌ಮಿಸ್ಸಿನ ಕೈಯ ತಟ್ಟೆಯಿಂದ ಟೀ ಕಪ್ಪು ಎತ್ತಿಕೊಳ್ಳುವಷ್ಟು ಹತ್ತಿರಕ್ಕೆ ನಿಲ್ಲಿಸಿದಳು.

"ಹದಿನೆಂಟು ವರ್ಷಕ್ಕೇ ಡಿಪೋ ಮೈದಾನದಲ್ಲಿ ನನ್ನ ಬಸ್ಸು ಓಡಿಸಿದ್ದಳು," ಎಂದರು ಮಾವ ಬೀದಿಗೆಲ್ಲ ಕೇಳುವ ಹಾಗೆ. "ಗಾಡಿ ಇವಳದು."

ಸಾಹೇಬರು ಕಿಟಕಿಗೆ ಬಗ್ಗಿದರು. "ಹತ್ತೊಂಬತ್ತು ವರ್ಷ ಆಯ್ತು ನಮ್ಮ ಮದುವೆಯಾಗಿ. ಒಂದು ದಿನಾನೂ ಹೇಳ್ಲಿಲ್ವಲ್ಲೇ ನೀನು?"

"ಹೇಳೋಕೆ ಬಂದೆ. ನೀವು ಗಡಿಯಾರದ ಕಥೆ ಹೇಳಿದ್ರಿ," ಎಂದಳು ಹೆಂಡತಿ. "ಮೊದಲು ಆ ಸೀಲು ಕಿತ್ತು ಕೊಡಿ, ಎಂಜಿನ್ ಕಾಯ್ತಿದೆ, ನೀರು ಹಾಕ್ಬೇಕು."

ಸಾಹೇಬರು ಇಕ್ಕಳ ತಂದು ತಾವೇ ಹಾಕಿದ ಸೀಲನ್ನು ತಾವೇ ಒಡೆದರು. ಅತ್ತೆ ಹಲ್ಲು ತೊಳೆದು ಹಾಕಿಕೊಂಡು ಬಂದು, ಏನೂ ಆಗದವರ ಹಾಗೆ ಹಿಂದಿನ ಸೀಟಿನಲ್ಲಿ ಕೂತರು. ನಾದಿನಿ, "ಅಕ್ಕ, ನನಗೆ ನೀನೇ ಕಲಿಸ್ಬೇಕು," ಎಂದು ಅವರ ಪಕ್ಕ ಸೇರಿಕೊಂಡಳು. ಮಾವ ಮುಂದೆ ಹತ್ತಿದರು. ಟೀ ತಟ್ಟೆ ಒಳಗಿಟ್ಟು ಬಂದ ಹೆಡ್‌ಮಿಸ್ಸಿಗೂ ಜಾಗ ಸಿಕ್ಕಿತು. ಕಾರು ಒಂದು ಚೀಂವ್ ಇಲ್ಲದೆ ಹೊರಟು ಮುಖ್ಯರಸ್ತೆಯ ಕಡೆ ತಿರುಗಿತು.

ಗೇಟಿನ ಬಳಿ ಇಬ್ಬರು ಅಳಿಯಂದಿರು ಉಳಿದರು.

"ಚೆನ್ನಾಗೇ ಓಡಿಸ್ತಾಳೆ," ಎಂದರು ಸಾಹೇಬರು. "ಆದ್ರೆ ಡಾಕ್ಟ್ರೇ, ತಿರುಗಿಸುವಾಗ ಸ್ವಲ್ಪ ಸ್ಪೀಡ್ ಜಾಸ್ತಿ ಆಗ್ಲಿಲ್ವಾ?"

ಷಡ್ಡಕ ಬೀದಿಯ ತುದಿಯನ್ನೇ ನೋಡುತ್ತಿದ್ದ. "ನಾನೂ ಅದನ್ನೇ ಅಂದ್ಕೊಂಡೆ ಅಣ್ಣ," ಎಂದ. "ಗೇರೂ ಸ್ವಲ್ಪ ಲೇಟಾಗಿ ಹಾಕಿದ್ರು."

"ಹೌದೌದು, ಲೇಟಾಯ್ತು," ಎಂದು ಸಾಹೇಬರು ಅವನ ಹೆಗಲ ಮೇಲೆ ಕೈಹಾಕಿ, ಟೀ ಆರಿಹೋಗುತ್ತದೆಂದು ಒಳಗೆ ಕರೆದುಕೊಂಡು ಹೋದರು.